ತಕ್ಕಡಿಯ ಹೊಸ ಹೆಸರು

ಪರದೆಯ ಮೇಲಿನ ಆ ಸಾಲು ಬರೆದವನು ತಾನಲ್ಲ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೆ ಸಾಲಿನ ಪಕ್ಕದಲ್ಲಿ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ, ಅವನ ಹೆಸರೇ ಇತ್ತು. ಹೆಸರಿನ ಮುಂದೆ: ಹನ್ನೊಂದು ನಿಮಿಷಗಳ ಹಿಂದೆ.

ಕೆಳಗಿನ ಸಾಲಿಗೆ ಬಂದ. ಅಲ್ಲಿಯೂ ಅವನೇ. ಅದರ ಕೆಳಗೆ, ಅದರ ಕೆಳಗೂ ಅವನೇ. ಪುಟ ಉರುಳಿಸುತ್ತ ಹೋದ. ಮೂವತ್ತೆರಡು ಸಾವಿರ ಸಾಲುಗಳನ್ನು, ಹನ್ನೊಂದು ನಿಮಿಷಗಳ ಹಿಂದೆ, ಅವನೊಬ್ಬನೇ ಕೂತು ಬರೆದಿದ್ದ. ನೋಡುತ್ತಿದ್ದ ಹಾಗೆಯೇ ಹನ್ನೊಂದು ಹನ್ನೆರಡಾಯಿತು.

ಎದೆ ಧಸಕ್ಕೆಂದಿತು. ಅದರ ಬೆನ್ನಿಗೇ ಮೈ ಹಗುರವಾದ ಹಾಗೂ ಆಯಿತು. ಈ ಎರಡನೆಯದು ಯಾಕಾಯಿತೆಂದು ತಿಳಿಯದೆ ಅವನು ಎದ್ದು ಹೋಗಿ, ಒಂದು ಲೋಟ ನೀರು ಕುಡಿದು, ಮತ್ತೆ ಬಂದು ಕೂತ.

ಅವನ ಕಂಪನಿಯವರು ತೂಕದ ಯಂತ್ರಗಳ ಹೊಟ್ಟೆಯೊಳಗಿನ ಪ್ರೋಗ್ರಾಂ ಬರೆಯುತ್ತಾರೆ. ತರಕಾರಿ ಅಂಗಡಿ, ಅಂಚೆ ಕಚೇರಿ, ಆಸ್ಪತ್ರೆ, ಎಲ್ಲೆಲ್ಲಿ ಜನ ಏನನ್ನೋ ತಟ್ಟೆಯ ಮೇಲಿಟ್ಟು ಅಂಕಿ ಬರಲಿ ಎಂದು ಕಾಯುತ್ತಾರೋ ಅಲ್ಲೆಲ್ಲ ಅದು ಇದೆ. ಹದಿನಾಲ್ಕು ವರ್ಷದಿಂದ ಆ ಪ್ರೋಗ್ರಾಂ ‘ತಕ್ಕಡಿ’ ಎಂಬ ಫೋಲ್ಡರಿನಲ್ಲಿ ವಾಸವಾಗಿತ್ತು. ಕಳೆದ ತಿಂಗಳು ಕಂಪನಿ ಕೈ ಬದಲಾಯಿಸಿತು. ಕೊಂಡವರಿಗೆ ತಕ್ಕಡಿ ಎಂಬ ಹೆಸರು ಹಳೆಯ ಕಾಲದ್ದು ಅನ್ನಿಸಿತು. ಇನ್ನು ಮೇಲೆ ಅದು ‘ಸಮತೋಲ’. ಡಬ್ಬಿಯ ಮೇಲಿನ ಚೀಟಿ ಬದಲಾಯಿತು, ಬಾಗಿಲ ಮೇಲಿನ ಫಲಕ ಬದಲಾಯಿತು, ಫೋನೆತ್ತುವ ಹುಡುಗಿಯ ಮೊದಲ ಮಾತು ಬದಲಾಯಿತು. ಉಳಿದದ್ದು ಫೋಲ್ಡರಿನ ಹೆಸರು. ಅದು ಇವತ್ತು ಅವನ ಪಾಲಿಗೆ ಬಂದಿತ್ತು. ಎರಡು ನಿಮಿಷದ ಕೆಲಸ ಎಂದು ಮ್ಯಾನೇಜರ್ ಹೇಳಿದ್ದಳು. ಅವನು ಎರಡೇ ನಿಮಿಷದಲ್ಲಿ ಮುಗಿಸಿಬಿಟ್ಟಿದ್ದ. ಎಡವಿದ್ದು ಅಲ್ಲೇ.

ಫೋಲ್ಡರಿನ ಹೆಸರು ಬದಲಿಸುವುದಕ್ಕೂ ಒಂದು ಕ್ರಮವಿದೆ. ಯಾವ ಸಾಲನ್ನು ಯಾರು, ಯಾವತ್ತು, ಯಾಕೆ ಬರೆದರು ಎಂಬುದನ್ನೆಲ್ಲ ಸರ್ವರು ನೆನಪಿಟ್ಟುಕೊಂಡಿರುತ್ತದೆ. ಪ್ರತಿ ಸಲ ಕೆಲಸ ಒಪ್ಪಿಸುವಾಗ, ಅಂದರೆ ಕಮಿಟ್ ಮಾಡುವಾಗ, ಒಂದು ಟಿಪ್ಪಣಿ ಬರೆಯಬೇಕು. ಆ ಟಿಪ್ಪಣಿಗಳೇ ಹಿಸ್ಟರಿ. ಹೆಸರು ಬದಲಿಸುವುದಾದರೆ ಹಳೆಯ ಸರ್ವರಿನಲ್ಲಿಯೇ ಹೆಸರನ್ನು ಮಾತ್ರ ಬದಲಿಸಿ ಒಪ್ಪಿಸಬೇಕು. ಒಳಗಿನದಕ್ಕೆ ಕೈ ಹಾಕುವುದು ಆಮೇಲೆ. ಕೊಂಡವರ ಹೊಸ ಸರ್ವರಿಗೆ ಸಾಗಿಸುವುದು ಅದಕ್ಕೂ ಆಮೇಲೆ, ಹಿಸ್ಟರಿಯ ಸಮೇತ. ಕಾಫಿ ಯಂತ್ರದ ಪಕ್ಕದಲ್ಲಿ ಈ ಕ್ರಮವನ್ನು ಬರೆದ ಒಂದು ಹಾಳೆ ಅಂಟಿಸಿದೆ: ‘ಯಂತ್ರ ಹೆಸರು ಕೇಳಿ ಗುರುತು ಹಿಡಿಯುವುದಿಲ್ಲ, ಮುಖ ನೋಡಿ ಹಿಡಿಯುತ್ತದೆ. ಹೆಸರು, ಮುಖ ಎರಡನ್ನೂ ಒಂದೇ ದಿನ ಬದಲಿಸಿದರೆ ಇವನ್ಯಾರೋ ಹೊಸಬ ಅನ್ನುತ್ತದೆ.’ ಹಾಳೆ ಬರೆದವನು ಅವನೇ. ಹೊಸದಾಗಿ ಸೇರಿದವರು ಈ ತಪ್ಪು ಮಾಡಿದರೆ ಅವರ ಜನ್ಮ ಜಾಲಾಡುವವನೂ ಅವನೇ.

ಅಂಥವನು ಇವತ್ತು ಬೆಳಗ್ಗೆ ಮಾಡಿದ್ದೇನು? ಪ್ರವಾಸದ ಫೋಟೋ ಕಾಪಿ ಮಾಡುವವರ ಹಾಗೆ ಫೋಲ್ಡರನ್ನು ಮೌಸಿನಿಂದ ಎಳೆದು ತಂದು ಹೊಸ ಸರ್ವರಿಗೆ ಹಾಕಿದ್ದ. ಹೆಸರು ಬದಲಿಸಿದ್ದ. ಒಳಗಿದ್ದ ತಕ್ಕಡಿಗಳನ್ನೆಲ್ಲ ಒಂದೇ ಏಟಿಗೆ ಸಮತೋಲ ಮಾಡಿದ್ದ. ಕಮಿಟ್ ಒತ್ತಿದ್ದ. ಟಿಪ್ಪಣಿಯ ಜಾಗದಲ್ಲಿ ‘ಹೊಸದು’ ಎಂದು ಬರೆದಿದ್ದ.

ಕೈ ಅಭ್ಯಾಸಬಲದಿಂದ ಮಾಡಿತು ಎನ್ನೋಣವೆಂದರೆ ಕೈಗೆ ಹದಿನೈದು ವರ್ಷದಿಂದ ಇದ್ದ ಅಭ್ಯಾಸ ಸರಿಯಾಗಿ ಮಾಡುವುದು.

ತಕ್ಕಡಿಯನ್ನು ಬರೆದವನು ಮೀಸೆ. ಅವನಿಗೆ ಬೇರೆ ಹೆಸರಿತ್ತು. ಕೆಲಸಕ್ಕೆ ಸೇರಿದ ದಿನ ಮುಖದ ಮೇಲೆ ಮೀಸೆಯಿತ್ತು, ಅಷ್ಟು ಸಾಕಾಯಿತು. ಮೂರನೇ ತಿಂಗಳಿಗೆ ಬೋಳಿಸಿದ, ಹೆಸರು ಉಳಿಯಿತು. ಕಮಿಟ್ ಮಾಡುವಾಗಲೂ ಮೀಸೆ ಎಂದೇ ಸಹಿ ಹಾಕುತ್ತಿದ್ದ. ಆರೂವರೆ ವರ್ಷದ ಹಿಂದೆ, ಒಂದು ಮಂಗಳವಾರ, ಆಫೀಸಿನ ಮೆಟ್ಟಿಲ ಮೇಲೆ ಯಾರಿಗೋ ತಮಾಷೆ ಹೇಳುತ್ತಿದ್ದವನು ಹಾಗೇ ಕೂತ, ಏಳಲಿಲ್ಲ. ಆ ತಮಾಷೆಯ ಕೊನೆ ಏನೆಂದು ಯಾರಿಗೂ ಗೊತ್ತಾಗಲಿಲ್ಲ. ಮೂವತ್ತಾರು ವಯಸ್ಸು. ಮನೆಯಲ್ಲಿ ಹೆಂಡತಿ, ಒಂದೂವರೆ ವರ್ಷದ ಮಗಳು.

ಮೀಸೆಯ ಕುರ್ಚಿಗೆ ಇವನನ್ನು ಕೂರಿಸಿದರು. ಅದರ ಎತ್ತರ ತಗ್ಗಿಸುವ ಹಿಡಿ ಎಲ್ಲಿದೆಯೆಂದು ಗೊತ್ತಿಲ್ಲದೆ, ಕೇಳಲು ನಾಚಿಕೊಂಡು, ಒಂದು ವಾರ ಕಾಲು ನೆಲಕ್ಕೆ ತಾಗದ ಹಾಗೆ ಕೂತಿದ್ದ. ಎರಡು ವರ್ಷದ ಮೇಲೆ ಮೀಸೆಯ ಹೆಂಡತಿಯನ್ನು ಮದುವೆಯಾದ. ಒಳ್ಳೆಯ ಕೆಲಸ ಮಾಡಿದೆ ಎಂದರು ಎಲ್ಲರೂ. ಯಾರೂ, ಒಬ್ಬರಾದರೂ, ನಿನ್ನ ಅದೃಷ್ಟ ಅನ್ನಲಿಲ್ಲ. ಮಗಳು ಅವನನ್ನು ಅಪ್ಪ ಅನ್ನುತ್ತಾಳೆ. ಬೇರೆ ಅಪ್ಪನ ನೆನಪು ಅವಳಿಗಿಲ್ಲ, ಯಾರೂ ಹೇಳಿಯೂ ಇಲ್ಲ. ಹತ್ತು ತುಂಬಲಿ, ಆಮೇಲೆ ಹೇಳೋಣ ಎಂದಿದ್ದಾಳೆ ಹೆಂಡತಿ. ಈಗ ಎಂಟು.

ಹೀಗಾಗಿ ಮನೆಯಲ್ಲಿ ಮೀಸೆ ಇಲ್ಲ. ಗೋಡೆಯ ಮೇಲಿಲ್ಲ, ಮಾತಿನಲ್ಲಿಲ್ಲ. ಇದ್ದದ್ದು ತಕ್ಕಡಿಯಲ್ಲಿ. ಹೆಚ್ಚು ಕಡಿಮೆ ಯಾವ ಸಾಲಿನ ಮೇಲೆ ಬೆರಳಿಟ್ಟು ಇದನ್ನು ಬರೆದವರು ಯಾರು ಎಂದು ಕೇಳಿದರೂ ಸರ್ವರು ಮೀಸೆ ಎನ್ನುತ್ತಿತ್ತು. ಕೆಲವು ದಿನ ಅವನಿಗೆ ಅದರಿಂದ ಸಮಾಧಾನವಾಗುತ್ತಿತ್ತು, ಕೆಲವು ದಿನ ಸಿಟ್ಟು ನೆತ್ತಿಗೇರುತ್ತಿತ್ತು. ಸತ್ತವನ ಮೇಲೆ ಸಿಟ್ಟು ಮಾಡುವುದು ಸಣ್ಣತನವೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಮಾಡುತ್ತಿದ್ದ.

ಯಂತ್ರಗಳನ್ನು ಪರೀಕ್ಷಿಸುವ ಹುಡುಗಿ ಅವನ ಮೇಜಿನ ಬಳಿ ಬಂದು ನಿಂತಳು.

“ಸರ್, ಇನ್ನೂರ ಹದಿನಾಲ್ಕನೇ ಸಾಲಲ್ಲಿ ಸುಮ್ನೆ ಅರ್ಧ ಸೆಕೆಂಡ್ ಕಾಯೋ ಹಾಗೆ ಮಾಡಿದೀರಲ್ಲ. ಯಾಕೆ?”

“ನಾನಲ್ಲ ಮಾಡಿದ್ದು.”

“ನಿಮ್ಮ ಹೆಸರೇ ಇದೆ.”

“ಇದೆ.”

“ತೆಗೆದುಬಿಡ್ಲಾ? ಯಂತ್ರ ಚುರುಕಾಗುತ್ತೆ.”

ಅದಕ್ಕೊಂದು ಕಾರಣವಿತ್ತು. ಕಾರಣವಿತ್ತೆಂದು ಅವನಿಗೆ ನೆನಪಿತ್ತು, ಕಾರಣ ನೆನಪಿರಲಿಲ್ಲ. “ನಾಳೆ ನೋಡೋಣ” ಎಂದ. ಅವಳು ಹೋಗದೆ, “ಒಂದೇ ದಿನಕ್ಕೆ ಮೂವತ್ತೆರಡು ಸಾವಿರ ಸಾಲು! ಹೊಸ ಕಂಪನಿಯವರ ಪಟ್ಟಿಲಿ ನೀವೇ ಫಸ್ಟು ಸರ್” ಎಂದು ನಕ್ಕಳು. ಅವಳ ಮಾತು ಮುಗಿಯುವ ಮೊದಲೇ ಕೊಂಡವರ ಕಂಪ್ಯೂಟರಿನಿಂದ ಅವನಿಗೊಂದು ಪತ್ರ ಬಂತು. ಈ ವಾರದ ಅತಿ ಶ್ರಮಜೀವಿ ನೀವು, ಅಭಿನಂದನೆಗಳು. ಕೆಳಗೆ ಚಪ್ಪಾಳೆ ತಟ್ಟುವ ಎರಡು ಕೈಗಳ ಚಿತ್ರ.

ಅವನು ಮ್ಯಾನೇಜರ್ ಕೋಣೆಗೆ ಹೋದ. ಅವನಿಗಿಂತ ಆರು ವರ್ಷ ಚಿಕ್ಕವಳು. ಮೀಸೆ ಸತ್ತ ಮೇಲೆ ಕೆಲಸಕ್ಕೆ ಬಂದವಳು.

“ಒಂದು ತಪ್ಪಾಗಿದೆ.”

“ಪ್ರೋಗ್ರಾಂ ನಡೀತಿಲ್ವಾ?”

“ನಡೀತಿದೆ.”

“ಮತ್ತೆ?”

“ಹಿಸ್ಟರಿ ಬಂದಿಲ್ಲ.”

“ಯಾರ ಹಿಸ್ಟರಿ?”

“ಫೋಲ್ಡರಿಂದು” ಎಂದ.

“ಸರಿ ಮಾಡೋಕೆ ಎಷ್ಟು ಹೊತ್ತು ಬೇಕು?”

“ಅರ್ಧ ಗಂಟೆ. ಇವತ್ತೇ ಮಾಡ್ಬೇಕು. ಸಂಜೆ ಏಳಕ್ಕೆ ಹಳೇ ಸರ್ವರ್ ಖಾಲಿ ಮಾಡ್ತಾರೆ.”

“ನನಗಂತೂ ಬೇಕಿಲ್ಲ. ನಿಮಗೆ ಬೇಕಾ?”

ಇಷ್ಟು ನೇರವಾಗಿ ಯಾರೂ ಅವನನ್ನು ಬಹಳ ದಿನದಿಂದ ಏನನ್ನೂ ಕೇಳಿರಲಿಲ್ಲ. ಬೇಕು ಎಂದರೆ ಯಾಕೆ ಎಂದಾಳು. ಬೇಡ ಎಂದರೆ ಬಂದದ್ದೇಕೆ ಎಂದಾಳು. “ನೋಡ್ತೀನಿ” ಎಂದ.

“ಬೇಕಿದ್ರೆ ಮಾಡ್ಕೊಳ್ಳಿ, ನಾನು ಬೇಡ ಅನ್ನಲ್ಲ” ಎಂದು ಅವಳು ತನ್ನ ಪರದೆಯ ಕಡೆ ತಿರುಗಿದಳು.

ಮೇಜಿಗೆ ಬಂದು ಸರಿಮಾಡಲು ಕೂತ. ಮೊದಲ ಆಜ್ಞೆ ಟೈಪು ಮಾಡಿದ. ಒತ್ತುವ ಮೊದಲು, ಊಟ ಮಾಡಿ ಬಂದು ಒತ್ತೋಣ ಅನ್ನಿಸಿತು. ಊಟ ಮಾಡಿ ಬಂದ. ಪರದೆಯ ಮೇಲಿನ ತನ್ನ ಹೆಸರನ್ನು ನೋಡುತ್ತ ಕೂತ. ತಪ್ಪು ಎಂದು ಗೊತ್ತಿದ್ದರೂ ಅದು ನೋಡಲು ಅಚ್ಚುಕಟ್ಟಾಗಿತ್ತು. ಮೊದಲಿನಿಂದ ಕೊನೆಯವರೆಗೆ ಒಬ್ಬನೇ. ನಡುವೆ ಯಾರೂ ಇಲ್ಲ, ಹಿಂದೆಯೂ ಯಾರೂ ಇಲ್ಲ. ಒಂದು ಮನೆಗೆ ಮೊದಲ ಸಲ ಬೀಗ ತೆಗೆದು ಒಳಗೆ ಹೋದ ಹಾಗೆ. ಅವನು ಈವರೆಗೆ ಅಂಥ ಯಾವ ಮನೆಗೂ ಹೋದವನಲ್ಲ.

ಹಾಗಾದರೆ ಬೇಕೆಂದೇ ಮಾಡಿದೆನೇ? ಇಲ್ಲ. ಮರೆತು ಮಾಡಿದೆನೇ? ಅದೂ ಇಲ್ಲ. ಬೆಳಗಿನ ಎರಡು ನಿಮಿಷವನ್ನು ನೆನಪಿಗೆ ತಂದುಕೊಳ್ಳಲು ನೋಡಿದ. ಬೆರಳುಗಳು ಓಡಾಡಿದ್ದು ನೆನಪಿಗೆ ಬಂತು. ತಾನು ಎಲ್ಲಿದ್ದೆ ಎನ್ನುವುದು ಬರಲಿಲ್ಲ.

ಮೂರೂವರೆಗೆ ಮನೆಯಿಂದ ಫೋನು. ಮಗಳು. ಶಾಲೆಯಿಂದ ಬಂದವಳೇ ಅಮ್ಮನ ಫೋನು ಕಿತ್ತುಕೊಂಡಿದ್ದಳು.

“ಅಪ್ಪ, ನಾಳೆ ಕ್ಲಾಸಿಗೆ ಬರ್ಕೊಂಡು ಹೋಗ್ಬೇಕು. ನಾನು ಹುಟ್ಟಿದ ದಿನ ನೀನೇನ್ ಮಾಡ್ತಿದ್ದೆ?”

“ಅಮ್ಮನ್ನ ಕೇಳು.”

“ಅಮ್ಮ ಏನ್ ಮಾಡ್ತಿದ್ಲು ಅಂತ ಗೊತ್ತಿಲ್ವಾ? ನನ್ನ ಹಡೀತಿದ್ಲು. ನೀನು ಹೇಳು.”

“ಈಗ ಕೆಲಸ ಇದೆ ಪುಟ್ಟಿ.”

“ಅಮ್ಮಾನೂ ಕೆಲಸ ಇದೆ ಅಂತಾಳೆ. ಸಂಜೆ ಹೇಳ್ಲೇಬೇಕು. ಇಲ್ಲಾಂದ್ರೆ ಮಿಸ್ ಬೈತಾರೆ.”

ಫೋನಿಟ್ಟ. ಹಿಂದೆ ಮುಂದೆ ನೋಡದೆ ಹಳೆಯ ಸರ್ವರನ್ನು ತೆರೆದ. ಅದು ಇನ್ನೂ ಬದುಕಿತ್ತು. ಅವಳು ಹುಟ್ಟಿದ ತಾರೀಕು ಹಾಕಿದ. ಆ ದಿನ ಎರಡೇ ಟಿಪ್ಪಣಿ.

ಬೆಳಗ್ಗೆ ಹತ್ತು ನಲವತ್ತು, ಮೀಸೆ: ‘ಅರ್ಧಕ್ಕೇ ಬಿಟ್ಟು ಓಡ್ತಿದೀನಿ. ನೋವು ಶುರುವಾಯ್ತಂತೆ. ಯಾರಾದ್ರೂ ಮುಗಿಸಿ, ಪುಣ್ಯ ಬರುತ್ತೆ.’

ಸಂಜೆ ನಾಲ್ಕೂ ಹತ್ತು, ಅವನು: ‘ಮೀಸೆ ಬಿಟ್ಟದ್ದನ್ನು ಮುಗಿಸಿದೆ.’

ಆ ವಾಕ್ಯವನ್ನು ತಾನು ಬರೆದಿದ್ದೆನೆಂಬುದು ಅವನಿಗೆ ಸುತರಾಂ ನೆನಪಿರಲಿಲ್ಲ. ಎರಡು ಸಲ ಓದಿದ. ಆಮೇಲೆ ಅಕ್ಕಪಕ್ಕ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಕತ್ತು ತಿರುಗಿಸಿದ.

ಮರುದಿನದ ಟಿಪ್ಪಣಿ ಮೀಸೆಯದು: ‘ಹುಡುಗಿ! ಮೂರು ಕೆಜಿ ಇನ್ನೂರು. ನಮ್ಮ ತಕ್ಕಡೀಲೇ ತೂಗಿದ್ರು. ಮಗು ಸುಮ್ಮನಿದ್ರೆ ತಾನೆ? ಒಂದೊಂದು ಸಲ ಒಂದೊಂದು ಅಂಕಿ. ನರ್ಸಮ್ಮ ನಮ್ಮ ಯಂತ್ರಕ್ಕೆ ಬೈದ್ರು, ನಾನು ಯಾರದೋ ಯಂತ್ರ ಅನ್ನೋ ಹಾಗೆ ನಿಂತಿದ್ದೆ. ಇನ್ನು ಮೇಲೆ ಅರ್ಧ ಸೆಕೆಂಡ್ ಕಾಯುತ್ತೆ. ಇದನ್ನ ಯಾರೂ ತೆಗೀಬೇಡಿ.’

ಅವನಿಗೆ ನಗು ಬಂತು. ಮೀಸೆಯನ್ನು ಅವನು ಪ್ರೀತಿಸಿದ್ದ. ಇದು ಯಾರೂ ಅವನನ್ನು ಕೇಳದ, ಅವನು ಯಾರಿಗೂ ಹೇಳದ ಸಂಗತಿ. ಮನೆಯಲ್ಲಿ ಆ ಹೆಸರೆತ್ತುವ ಹಾಗಿಲ್ಲ, ಆಫೀಸಿನಲ್ಲಿ ಎತ್ತಿದರೆ ಜನ ಅವನ ಮುಖವನ್ನೇ ನೋಡುತ್ತಾರೆ.

ಟಿಪ್ಪಣಿಗಳನ್ನಾದರೂ ತನ್ನ ಕಂಪ್ಯೂಟರಿಗೆ ಇಳಿಸಿಕೊಳ್ಳೋಣವೆಂದು ಹೊರಟ. ಯಾವ ಹೆಸರಿನಲ್ಲಿ ಇಡಲಿ ಎಂದು ಯಂತ್ರ ಕೇಳಿತು. ಒಂದು ಚೌಕದೊಳಗೆ ಗೆರೆಯೊಂದು ಮಿನುಗುತ್ತ ಕಾದಿತ್ತು. ಬಹಳ ಹೊತ್ತಾದ ಮೇಲೆ ‘ಬೇಡ’ ಒತ್ತಿದ.

ಐದಕ್ಕೆ ಸರ್ವರ್ ಕೋಣೆಯವನು ಫೋನು ಮಾಡಿದ. ಗಟ್ಟಿ ದನಿಯ ಮನುಷ್ಯ. ಸದಾ ಫ್ಯಾನುಗಳ ಗದ್ದಲದಲ್ಲಿ ಇರುವವನು.

“ಸರ್, ಏಳಕ್ಕೆ ಸರಿಯಾಗಿ ಹಳೇದನ್ನ ಒರೆಸ್ತೀನಿ. ನಿಲ್ಲಿಸೋದಿದ್ರೆ ಒಂದು ಮೆಸೇಜ್ ಹಾಕಿ, ಸಾಕು.”

“ಒರೆಸಿದ್ಮೇಲೆ ಎಲ್ಲೂ ಇರಲ್ವಾ?”

“ಎಲ್ಲಿರುತ್ತೆ ಸರ್? ಆ ಡಿಸ್ಕಿಗೆ ಹೊಸಬರದ್ದು ಬರುತ್ತೆ.”

“ಯೋಚನೆ ಮಾಡಿ ಹೇಳ್ತೀನಿ.”

“ಇದ್ರಲ್ಲಿ ಯೋಚನೆ ಮಾಡೋದೇನಿದೆ?” ಎಂದ ಅವನು. ನಿಜವಾಗಿಯೂ ಅರ್ಥವಾಗದೆ ಕೇಳಿದ್ದ.

ಮನೆಯಿಂದಲೇ ಅರ್ಧ ಗಂಟೆ ಕೂತು ಮಾಡಿದರಾಯಿತು ಎಂದುಕೊಂಡು ಕಂಪ್ಯೂಟರನ್ನು ಚೀಲಕ್ಕೆ ಹಾಕಿ ಹೊರಟ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತನ್ನ ನಿಲ್ದಾಣ ಬಂದಾಗ ಇದೇ ತನ್ನದೋ ಅಲ್ಲವೋ ಎಂದು ಒಂದು ಗಳಿಗೆ ಗೊಂದಲವಾಗಿ, ಬಾಗಿಲು ಮುಚ್ಚುವ ಹೊತ್ತಿಗೆ ದಡಬಡಿಸಿ ಇಳಿದ.

ಮನೆಯಲ್ಲಿ ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು. ಗಡಿಯಾರದಲ್ಲಿ ಆರೂ ಹದಿನೈದು.

“ಬೇಗ ಬಂದ್ರಿ.”

“ಕೆಲಸ ಮುಗೀತು.”

“ಹೆಸರು ಬದಲಾಯಿಸೋದಿದೆ ಅಂದಿದ್ರಲ್ಲ.”

“ಆಯ್ತು.”

ನಲ್ಲಿಯ ನೀರು ಸುರಿಯುತ್ತಿತ್ತು. “ತಕ್ಕಡಿ ಹೋಯ್ತಾ ಹಾಗಾದ್ರೆ?” ಎಂದಳು.

ಆ ಪದ ಅವಳ ಬಾಯಲ್ಲಿ ಎಷ್ಟು ಸಲೀಸಾಗಿ ಬಂತೆಂದು ಅವನು ಬೆಚ್ಚಿದ. ಮೀಸೆಯ ಜೊತೆ ಫೋನಿನಲ್ಲಿ ಅವಳು ‘ಸಾಕು ಬಾರೋ, ನಿನ್ನ ತಕ್ಕಡಿ ಎಲ್ಲೂ ಓಡಿಹೋಗಲ್ಲ’ ಎಂದು ಗದರುತ್ತಿದ್ದುದು ಪಕ್ಕದ ಮೇಜಿನವರೆಗೂ ಕೇಳುತ್ತಿತ್ತು. ಪಕ್ಕದ ಮೇಜು ಇವನದಾಗಿತ್ತು. ನಾಲ್ಕೂವರೆ ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ ಎದ್ದರೂ ಇವನಿಗೆ ಅವಳು ‘ನೀವು’ ಎನ್ನುತ್ತಾಳೆ. ಮರ್ಯಾದೆಗೆ ಕೊರತೆಯಿಲ್ಲ.

“ಹಳೇದು ಇನ್ನೂ ಇದೆ” ಎಂದ. “ಏಳು ಗಂಟೆವರೆಗೆ.”

ಅವಳ ಬೆನ್ನು ಅಲುಗದೆ ನಿಂತಿತು. ಈಗ ಏನಾದರೂ ಹೇಳುತ್ತಾಳೆ, ಉಳಿಸಿ ಅನ್ನುತ್ತಾಳೆ ಅಥವಾ ಹೋಗಲಿ ಬಿಡಿ ಅನ್ನುತ್ತಾಳೆ, ಎರಡರಲ್ಲಿ ಯಾವುದಾದರೂ ಸರಿ, ತಾನು ಅದರಂತೆ ಮಾಡಿ ಕೈ ತೊಳೆದುಕೊಳ್ಳಬಹುದು ಎಂದು ಕಾದ.

“ಕಾಫಿ ಮಾಡ್ಲಾ?” ಎಂದಳು.

“ಹೂಂ.”

ಕಾಫಿ ಕುಡಿದ. ಚೀಲ ಕುರ್ಚಿಯ ಕಾಲಿಗೆ ಒರಗಿ ಕೂತಿತ್ತು. ಅದರ ಜಿಪ್ಪಿಗೆ ಎರಡು ಸಲ ಕೈ ಹಾಕಿದ, ಎರಡು ಸಲ ಹಿಂದಕ್ಕೆ ತಂದ. ಆರೂ ಮೂವತ್ತೈದು. ಇನ್ನು ಅರ್ಧ ಗಂಟೆಯ ಕೆಲಸಕ್ಕೆ ಸಮಯವಿಲ್ಲ. ಆದರೆ ನಿಲ್ಲಿಸು ಎಂದು ಒಂದು ಮೆಸೇಜಿಗೆ ಬೇಕಾದಷ್ಟಿದೆ. ಬೇಕಾದಷ್ಟಿದೆ ಎಂಬ ಧೈರ್ಯದಿಂದಲೇ ಇನ್ನೂ ಹತ್ತು ನಿಮಿಷ ಕಳೆಯಿತು.

ಮಗಳು ಒಂದು ದೊಡ್ಡ ಹಾಳೆ, ಪೆನ್ಸಿಲ್, ಸ್ಕೇಲು ಹಿಡಿದು ಬಂದು ಎದುರಿಗೆ ಕೂತಳು.

“ಹೇಳು. ನಾನು ಹುಟ್ಟಿದ ದಿನ.”

ಮೂರು ಕೆಜಿ ಇನ್ನೂರು ಎಂಬುದು ನಾಲಿಗೆಯ ತುದಿಯಲ್ಲಿತ್ತು. ಓಡಿ ಹೋದೆ, ಅರ್ಧಕ್ಕೇ ಬಿಟ್ಟು ಓಡಿದೆ, ಎಂದರೆ ಮುಗಿಯಿತು. ಕೇಳುವವರು ಯಾರು? ಇನ್ನು ಹದಿನೈದು ನಿಮಿಷಕ್ಕೆ ಸಾಕ್ಷಿಯೂ ಇರುವುದಿಲ್ಲ. ಆದರೆ ಬಾಯಿಗೆ ಬಂದದ್ದು ಬೇರೆ ಮಾತು.

“ಆಫೀಸಲ್ಲಿ ಒಂದು ಕೆಲಸ ಅರ್ಧಕ್ಕೆ ನಿಂತಿತ್ತು. ಅದನ್ನ ಮುಗಿಸ್ತಿದ್ದೆ.”

“ಆಮೇಲೆ ಆಸ್ಪತ್ರೆಗೆ ಬಂದ್ಯಾ?”

“ಅವತ್ತು ಬರ್ಲಿಲ್ಲ.”

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಬಂದು ನಿಂತಿದ್ದಳು. ಆಗಲೇ ಒಣಗಿದ್ದ ಒಂದು ಪಾತ್ರೆಯನ್ನು ಬಟ್ಟೆಯಿಂದ ಒರೆಸುತ್ತಿದ್ದಳು.

“ಬರ್ಲೇ ಇಲ್ವಾ?” ಎಂದಳು ಮಗಳು. ಅವಳ ಮುಖ ಸಣ್ಣಗಾಯಿತು. ಹೇಳಿದ್ದು ನಿಜ. ಬದುಕಿನಲ್ಲಿ ಇಷ್ಟು ನಿಜವಾದ ಮಾತನ್ನು ಅವನು ಆಡಿದ್ದು ಕಡಿಮೆ. ಆದರೆ ಅದರಿಂದ ಅವಳಿಗೆ ಸಿಕ್ಕಿದ್ದು, ಅವಳು ಹುಟ್ಟಿದ ದಿನ ಬಾರದ ಒಬ್ಬ ಅಪ್ಪ.

ಅವಳು ತಲೆ ತಗ್ಗಿಸಿ, ಒಂದೊಂದೇ ಅಕ್ಷರ ಬಿಡಿಸಿ ಬರೆದಳು: ನಾನು ಹುಟ್ಟಿದ ದಿನ ಅಪ್ಪ ಬರಲಿಲ್ಲ. ಕೆಲಸ ಇತ್ತು.

“ಈಗ ಕೈ ಕೊಡು” ಎಂದಳು. “ಈ ಕಡೆ ಆಗಿನ ಕೈ, ಆ ಕಡೆ ಈಗಿನ ಕೈ. ಮಿಸ್ ಹೇಳಿದಾರೆ.”

ಹಾಳೆಯ ಎಡಗಡೆ ಒಂದು ಫೋಟೋ ಅಂಟಿಸಿದ್ದಳು. ಬಟ್ಟೆಯಲ್ಲಿ ಸುತ್ತಿದ ಕೆಂಪು ಮುಖದ ಕೂಸು. ಅದನ್ನು ಹಿಡಿದ ಗಂಡಸಿನ ಎರಡು ಕೈ. ಹಿಡಿದವನು ಚಿತ್ರದಲ್ಲಿರಲಿಲ್ಲ.

“ಇದೆಲ್ಲಿತ್ತು?”

“ಅಮ್ಮ ಕೊಟ್ಲು. ಇದು ನಿನ್ನ ಕೈ ಅಲ್ವಾ?”

ಅವನು ಹೆಂಡತಿಯ ಕಡೆ ನೋಡಿದ. ಅವಳು ಪಾತ್ರೆಯನ್ನು ನೋಡುತ್ತಿದ್ದಳು. ಇದ್ದಬದ್ದ ಫೋಟೋಗಳಲ್ಲೆಲ್ಲ ಮುಖವಿಲ್ಲದ ಒಂದನ್ನು ಹುಡುಕಿ ಕೊಟ್ಟಿದ್ದಾಳೆ. ಎಷ್ಟು ಹೊತ್ತು ಹುಡುಕಿರಬೇಕು. ಹುಡುಕುತ್ತ ಎಷ್ಟನ್ನು ನೋಡಿರಬೇಕು.

ಮಗಳು ಉತ್ತರಕ್ಕೆ ಕಾಯಲಿಲ್ಲ. ಅವನ ಬಲಗೈಯನ್ನು ಎಳೆದು ಹಾಳೆಯ ಮೇಲೆ ಅಂಗಾತ ಅಲ್ಲ, ಬೋರಲು ಇಟ್ಟಳು. ಹಾಳೆ ಸರಿಯದ ಹಾಗೆ ಎಡಗೈಯಿಂದ ಒತ್ತಿ ಹಿಡಿಯಲು ಹೇಳಿದಳು. ಪೆನ್ಸಿಲ್ ಮಣಿಕಟ್ಟಿನಿಂದ ಹೊರಟಿತು.

ಮೇಜಿನ ಮೇಲಿದ್ದ ಫೋನು ಬೆಳಗಿತು. ಮೆಸೇಜು ಕುಳಿತಲ್ಲಿಂದಲೇ ಕಾಣುತ್ತಿತ್ತು. ‘ಐದು ನಿಮಿಷ ಇದೆ ಸರ್. ನಿಲ್ಲಿಸ್ಲಾ?’

“ಯಾರದು?” ಎಂದಳು ಹೆಂಡತಿ.

“ಆಫೀಸಿಂದು.”

“ಮುಖ್ಯವಾದದ್ದಾ?”

ಪೆನ್ಸಿಲ್ ಕಿರುಬೆರಳನ್ನು ಸುತ್ತಿ ಬಂದು ಉಂಗುರದ ಬೆರಳನ್ನು ಹತ್ತಿತು. ಸೀಸದ ತುದಿ ಚರ್ಮಕ್ಕೆ ತಾಗಿ ತಣ್ಣಗೆ ಅನ್ನಿಸುತ್ತಿತ್ತು. ಅವನು ಹೆಂಡತಿಯನ್ನೇ ನೋಡಿದ. ಈ ಸಲ ಅವಳೂ ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿದ್ದದ್ದು ಉಳಿಸಿ ಎಂಬುದೋ ಸಾಕು ಎಂಬುದೋ ಅವನಿಗೆ ತಿಳಿಯಲಿಲ್ಲ. ಅವನು ಏನು ಮಾಡಬೇಕೆಂದಿದ್ದಾನೆ ಎಂಬುದು ಅವಳಿಗೂ ತಿಳಿದಂತಿರಲಿಲ್ಲ. ಫೋನಿನ ಬೆಳಕು ಆರಿತು.

“ಕೈ ಎತ್ತಬೇಡ, ಇನ್ನೂ ಹೆಬ್ಬೆರಳಿದೆ” ಎಂದಳು ಮಗಳು.

ಅವನು ಎತ್ತಲಿಲ್ಲ. ಹೆಬ್ಬೆರಳೂ ಆಯಿತು. “ಈಗ ತೆಗಿ” ಎಂದಾಗ ತೆಗೆದ. ಗಡಿಯಾರದಲ್ಲಿ ಏಳಾಗಿತ್ತು. ಹಾಳೆಯ ಮೇಲೆ ಐದು ಬೆರಳಿನ ಒಂದು ಗೆರೆ ಉಳಿಯಿತು, ಒಳಗೆಲ್ಲ ಬಿಳಿ. ಮಣಿಕಟ್ಟಿನಲ್ಲಿ ಗೆರೆ ಕೂಡಿರಲಿಲ್ಲ; ತೋಳಿಗೆ ಹೋಗಲು ದಾರಿ ಬಿಟ್ಟಂತೆ ಅಲ್ಲಿ ತೆರೆದಿತ್ತು. ಮಗಳು ತಲೆ ವಾರೆ ಮಾಡಿ ಅದನ್ನು ನೋಡಿದಳು, ಪಕ್ಕದ ಫೋಟೋ ನೋಡಿದಳು. ಅಲ್ಲಿನ ಕೈಗಳೂ ಮಣಿಕಟ್ಟಿಗೇ ನಿಂತಿದ್ದವು.

ಅವಳು ಸ್ಕೇಲನ್ನು ಅಡ್ಡಲಾಗಿಟ್ಟು, ತೆರೆದಿದ್ದ ಕಡೆ ಒಂದು ಗೆರೆ ಎಳೆದು, ಕೈಯನ್ನು ಮುಚ್ಚಿದಳು.